ಒಂದು ಬಡಿದರೆ ಹೋಲ್ಡಾನ್

ಮೂಡಬಿದ್ರೆ
9-9-1963

ಮಾಯಿಲಪ್ಪ ಮಾವನವರಿಗೆ ಲೋಲಾಕ್ಷಿ ಬರೆಯುವುದು.

ಕ್ಷೇಮ ಕೇಳುವ ಸಾಲನ್ನು ಬಿಟ್ಟಿದ್ದೇನೆ. ಐದನೇ ಕ್ಲಾಸಿನಲ್ಲಿ ನಾನು ಶಾಲೆ ಬಿಡುವ ಮೊದಲೇ ಮಾಸ್ಟ್ರು ಅದನ್ನು ಬಾಯಿಪಾಠ ಮಾಡಿಸಿದ್ದರು, ಮರೆತಿಲ್ಲ. ಆದರೆ ಇಲ್ಲಿ ಕ್ಷೇಮ ಇಲ್ಲ, ಅಲ್ಲಿಯ ಕ್ಷೇಮ ನನಗೆ ಬೇಕಾಗಿಲ್ಲ.

ನಿಮ್ಮ ತಂಗಿಯ ಮಗನನ್ನು, ಅಂದರೆ ನನ್ನ ಗಂಡನನ್ನು, ಇಲ್ಲಿ ಆಸ್ಪತ್ರೆಗೆ ಸೇರಿಸಿ ತಿಂಗಳಾಯಿತು. ದವಡೆಯದ್ದು ಬರೀ ಹುಣ್ಣಲ್ಲ, ಕ್ಯಾನ್ಸರ್. ಡಾಕ್ಟ್ರು ನನ್ನನ್ನು ಜಗಲಿಗೆ ಕರೆದು ಹೇಳಿದರು, "ನೋಡಮ್ಮ, ಇದನ್ನು ಗುಣ ಮಾಡ್ಲಿಕ್ಕೆ ಇಲ್ಲಿ ಆಗುದಿಲ್ಲ, ಎಲ್ಲಿಯೂ ಆಗುದಿಲ್ಲ. ನೋವು ಕಡಿಮೆ ಮಾಡ್ಲಿಕ್ಕೆ ಆಗ್ತದೆ." ನೀವು ಬಲ್ಯಾಯನ ಹತ್ತಿರ ಕವಡೆ ಹಾಕಿಸಿ, ದೈವದ ಉಪದ್ರ ಅಂತ ಹೇಳಿಸಿ, ಕೋಳಿ ಕೊಯ್ಯಿಸಿದಿರಲ್ಲ? ದೈವ ತಿಂದದ್ದು ನಾನು ನೋಡಲಿಲ್ಲ. ನೀವು ತಿಂದದ್ದು ನೋಡಿದ್ದೇನೆ, ಎರಡು ಸಲ ಹಾಕಿಸಿಕೊಂಡಿರಿ.

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಇವರ ಗಂಟಲು ಕೇಳದ ಮನುಷ್ಯ ಇಲ್ಲ. ಬಸ್ಸು ಇನ್ನೂ ತಿರುವಿನಲ್ಲಿರುವಾಗ "ಮಡಂತ್ಯಾರ್, ಮಡಂತ್ಯಾರ್, ಮಡಂತ್ಯಾರ್ ಇಳೀರಿ" ಅಂತ ಪೇಟೆಗೆ ಕೇಳುತ್ತಿತ್ತು. ಅಂಥ ಕಂಡಕ್ಟರಿಗೆ ಈಗ ನಾಲಿಗೆ ಹೊರಳುವುದಿಲ್ಲ. ಕೆನ್ನೆ ತೂತಾಗಿದೆ. ನೀರು ಕುಡಿಸಿದರೆ ಅರ್ಧ ಹೊರಗೆ ಬರುತ್ತದೆ. ವಾಸನೆ ಉಂಟು, ಹೌದು. ಆ ವಾಸನೆಗೆ ನೀವು ಇವರನ್ನು ಸೌದೆ ಕೊಟ್ಟಿಗೆಯಲ್ಲಿ ಮಲಗಿಸಿದಿರಿ. ನಿಮ್ಮ ಡೊಂಬಯ್ಯ ಗಂಜಿಯ ಬಟ್ಟಲನ್ನು ಕೋಲಿನಲ್ಲಿ ದೂಡುತ್ತಿದ್ದ. ಇವರ ಸ್ವಂತ ಅಕ್ಕನ ಮಗ! ಅವನ ಮೊದಲ ಚಡ್ಡಿ ಹೊಲಿಸಿಕೊಟ್ಟದ್ದು ಯಾರು ಅಂತ ಕೇಳಿ.

ಇಲ್ಲಿ ಸ್ವರ್ಣಲತಾ ಅಂತ ಒಬ್ಬರು ನರ್ಸ್ ಬಾಯಿ, ಮೈಮೂನಮ್ಮ ಅಂತ ಒಬ್ಬರು ಆಯಾ. ಒಬ್ಬರು ಕ್ರಿಸ್ತಾನರು, ಒಬ್ಬರು ಮುಸ್ಲಿಮರು, ಬ್ಯಾರಿ. ಇಬ್ಬರೂ ಇವರಿಗೆ ಏನೂ ಆಗಬೇಕಾದವರಲ್ಲ. ಇಬ್ಬರೂ ಮೂಗು ಮುಚ್ಚುವುದಿಲ್ಲ. ಬಂದು ಮಂಚದ ಮೇಲೆಯೇ ಕೂರುತ್ತಾರೆ.

ಮೊದಲ ವಾರ ಹುಣ್ಣು ತೊಳೆಯುವಾಗ ತಡೆಯಲಾಗದೆ ಇವರು ಗಂಜಿಯ ಚಮಚ ತೆಗೆದು ಮಂಚದ ಕಬ್ಬಿಣಕ್ಕೆ ಒಮ್ಮೆ ಬಡಿದರು. ನರ್ಸ್ ಬಾಯಿಗೆ ಅರ್ಥ ಆಗಲಿಲ್ಲ. ನಾನು ಹೇಳಿದೆ, "ಅದು ಹೋಲ್ಡಾನ್. ಬಸ್ಸಿನ ಬೆಲ್ಲು. ಒಂದು ಹೊಡೆದ್ರೆ ನಿಲ್ಲಿಸ್ಬೇಕು, ಎರಡು ಹೊಡೆದ್ರೆ ರೈಟ್."

"ಹಾಗಾ?" ಅಂತ ಬಾಯಿ ಕೈ ಹಿಂದೆ ತೆಗೆದು ಸುಮ್ಮನೆ ಕೂತರು. ಇವರು ಉಸಿರೆಳೆದು, ಕಣ್ಣೊರೆಸಿ, ಎರಡು ಬಡಿದ ಮೇಲೆಯೇ ಹತ್ತಿ ಮುಟ್ಟಿಸಿದ್ದು. ಈಗ ದಿನವೂ ಹಾಗೆಯೇ. ಇವರಿಗೆ ಸೀಕು ಬಂದ ಮೇಲೆ ಇವರು ಹೇಳಿದಲ್ಲಿ ಯಾರಾದರೂ ನಿಂತದ್ದು ಅದೇ ಮೊದಲು.

ಕೇಳಲಿಕ್ಕಿರುವುದು ಒಂದೇ. ಅತ್ತೆಯನ್ನು, ಇವರ ತಾಯಿಯನ್ನು, ಕಳಿಸಿ. ಸೇಸಮ್ಮತ್ತೆ ಬರ್ಬೇಕಾ ಅಂತ ನಾನು ಕೇಳಿದಾಗಲೆಲ್ಲ ಇವರು ಎರಡು ಬಡಿಯುತ್ತಾರೆ. ನೀವು ಬರುವುದು ಬೇಡ. ಬಸ್ಸಿನವರಿಗೆ ಹೇಳಿದ್ದೇನೆ, ಅವರು ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ತರುತ್ತಾರೆ.

ಇಷ್ಟೇ.
ಲೋಲಾಕ್ಷಿ


ವಾಮದಪದವು
14-9-1963

ಚಿ॥ ಸೌ॥ ಲೋಲಾಕ್ಷಿಗೆ ಮಾಯಿಲಪ್ಪನು ಮಾಡುವ ಆಶೀರ್ವಾದಗಳು. ಅದಾಗಿ, ನಿನ್ನ ಪತ್ರ ತಲುಪಿತು. ಹಿರಿಯರಿಗೆ ಬರೆಯುವ ಕ್ರಮ ಅದಲ್ಲ. ನೀನು ಎಳೆಯಳು, ದುಃಖದಲ್ಲಿದ್ದೀ ಎಂದು ಮನ್ನಿಸಿದ್ದೇನೆ.

ಸೇಸಮ್ಮಳಿಗೆ ಮೊಣಕಾಲಿನ ನೋವು. ಮೇಲಾಗಿ ಅಂಥ ವಾಸನೆ ವೃದ್ಧರ ದೇಹಕ್ಕೆ ಆಗತಕ್ಕದ್ದಲ್ಲ. ಇತ್ತ ಕೊಯ್ಲು ಹತ್ತಿರ ಬಂದಿರುತ್ತದೆ. ಆದ್ದರಿಂದ ಸದ್ಯ ಯಾರನ್ನೂ ಕಳಿಸಲು ಅನುಕೂಲವಿಲ್ಲ.

ಆದರೆ ಒಂದು ವಿಷಯ ಚೆನ್ನಾಗಿ ತಿಳಿದಿರಲಿ. ನಮ್ಮ ಮನೆಯ ಕಟ್ಟು ಹೀಗಿದೆ: ಸಾಯುವವರ ಬಾಯಿಗೆ ಕಡೆಯ ನೀರು ಬಿಟ್ಟವರೇ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಒಳಕೋಣೆಯಲ್ಲಿ ಅವರ ಎಲೆಗೆ ಮೊದಲ ಅನ್ನ ಬಡಿಸಬೇಕು. ಆಗಲೇ ಸತ್ತವರು ಮನೆಯ ಹಿರಿಯರೊಂದಿಗೆ ಸೇರುವುದು. ಇಲ್ಲವಾದರೆ ಕುಲೆಯಾಗಿ, ಪ್ರೇತವಾಗಿ ಹೊರಗೇ ಉಳಿಯುತ್ತಾರೆ. ನಮ್ಮಲ್ಲಿ ಸೊತ್ತು, ಕರ್ಮ ಎರಡೂ ಅಕ್ಕತಂಗಿಯರ ಮಕ್ಕಳಿಗೆ ಸೇರಿದ್ದು. ಹೆಂಡತಿ ಬೇರೆ ಮನೆಯವಳು, ನಿನಗೆ ಆ ಹಕ್ಕಿಲ್ಲ. ಕಡೆಯ ಗಳಿಗೆ ಹತ್ತಿರ ಬಂತೆಂದು ಕಂಡಾಗ ಬಸ್ಸಿನವರಲ್ಲಿ ಹೇಳಿ ಕಳಿಸು. ಡೊಂಬಯ್ಯ ಬಂದು ನೀರು ಬಿಡುವನು. ಆಸ್ಪತ್ರೆಯ ಅಂಥಿಂಥವರ ಕೈಯ ನೀರು ಆ ಹೊತ್ತಿನಲ್ಲಿ ಬೀಳದಂತೆ ನೋಡಿಕೊಳ್ಳುವುದು ನಿನ್ನ ಜವಾಬ್ದಾರಿ.

ಇಂತು,
ಮಾಯಿಲಪ್ಪ


ನರಿಕೊಂಬು
25-10-1963

ಸ್ವರ್ಣಲತಾ ಬಾಯಿಯವರಿಗೆ,

ನಾನು ತಾಯಿಮನೆಯಲ್ಲಿದ್ದೇನೆ. ಹೊಳೆ ಇನ್ನೂ ಕೆಂಪಾಗಿಯೇ ಉಂಟು. ಮತ್ತೆ ಬೀಡಿ ಕಟ್ಟಲು ಕೂತಿದ್ದೇನೆ. ಹೊಗೆಸೊಪ್ಪು ಕೈಯಲ್ಲಿ ಹಿಡಿದರೆ ಇವರ ದವಡೆ ನೆನಪಾಗುತ್ತದೆ, ಆದರೂ ಕಟ್ಟುತ್ತೇನೆ. ಬೇರೆ ಕೆಲಸ ನನಗೆ ಗೊತ್ತಿಲ್ಲ.

ನಿಮಗೆ ಉಪಕಾರ ಆಯಿತು ಅಂತ ಬರೆಯಲು ಮೂರು ದಿನದಿಂದ ಕೂರುತ್ತಿದ್ದೇನೆ. ಬೈಯಲು ಕೂತರೆ ನನ್ನ ಕೈ ಓಡುತ್ತದೆ. ಇದಕ್ಕೆ ಓಡುವುದಿಲ್ಲ. ನೀವು ಇವರ ತಲೆ ಬಾಚುತ್ತಿದ್ದಿರಿ. ಕೆನ್ನೆಯೇ ಇಲ್ಲದವನಿಗೆ ಬೈತಲೆ ತೆಗೆದು ಎಂತ ಆಗಬೇಕು ಅಂತ ನಾನು ಒಮ್ಮೆ ರೇಗಿದಾಗ ನೀವು, "ಕಂಡಕ್ಟರ್ ಅಲ್ವಾ, ಡ್ಯೂಟಿಗೆ ಹೋಗುವವರ ಹಾಗೆ ಇರ್ಬೇಕು" ಅಂದಿರಿ. ಇವರು ನಗಲು ಹೋಗಿ ನೋವಾಗಿ ಒಂದು ಬಡಿದರು. ಅದನ್ನು ಬರೆಯಬೇಕು ಅಂತ ಇತ್ತು. ಬರೆದೆ.

ಇನ್ನೊಂದು. ನಿಮ್ಮ ಆಸ್ಪತ್ರೆಯ ಆ ಚಮಚ ನನ್ನ ಗಂಟಿನಲ್ಲಿ ಬಂದಿದೆ. ಹಿಡಿಯಲ್ಲಿ ವಾರ್ಡಿನ ನಂಬರು ಉಂಟು. ಬೇಕಾದರೆ ಕದ್ದದ್ದು ಅಂತ ಇಟ್ಟುಕೊಳ್ಳಿ, ನಾನು ಕೊಡುವುದಿಲ್ಲ.

ಈಗ ಕೇಳಲಿಕ್ಕಿರುವುದು. ಡೊಂಬಯ್ಯನಿಗೆ ಹೇಳಿ ಕಳಿಸಿದ್ದೆ, ಅವನು ಬಂದದ್ದು ನಿಜ. ಆಸ್ಪತ್ರೆಯ ಗೇಟಿನವರೆಗೆ ಬಂದ. ವಾಸನೆ ಗೇಟಿಗೇ ಬಂತಂತೆ, ದೊಡ್ಡ ಮೂಗು. ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಕೂತ. ಮಧ್ಯಾಹ್ನ ನಾನು ಬಾವಿಕಟ್ಟೆಯಲ್ಲಿ ಇವರ ಬಟ್ಟೆ ಒಗೆಯುತ್ತಿರುವಾಗ ಜೀವ ಹೋಯಿತು. ನಾನು ಓಡಿ ಬಂದಾಗ ಇವರ ಗಲ್ಲ ಒದ್ದೆ ಇತ್ತು, ಮೈಮೂನಮ್ಮ ಸೆರಗಿನಲ್ಲಿ ಒರೆಸುತ್ತಿದ್ದರು. ಡೊಂಬಯ್ಯ ಆಮೇಲೆ ಬಂದು ಬಾಗಿಲಲ್ಲಿ ನಿಂತು ಅತ್ತ. ತುಟಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು.

ಈಗ ಅವನು ನೀರು ಬಿಟ್ಟದ್ದು ತಾನು ಅಂತ ಊರೆಲ್ಲ ಹೇಳುತ್ತಿದ್ದಾನೆ. ಅವರ ಮನೆಯ ಕಟ್ಟಿನ ಪ್ರಕಾರ ನೀರು ಬಿಟ್ಟವರೇ ಸತ್ತವರ ಎಲೆಗೆ ಮೊದಲು ಬಡಿಸಬೇಕು. ಅಂಥವನ ಕೈಯ ಅನ್ನ ಇವರಿಗೆ ಸಿಗಬೇಕಾ? ನಿಜ ಹೇಳಿ ಬಾಯಿ. ನೀರು ಕೊಟ್ಟದ್ದು ಮೈಮೂನಮ್ಮ ಅಲ್ಲವಾ?

ಲೋಲಾಕ್ಷಿ


ಮೂಡಬಿದ್ರೆ
29-10-1963

ಪ್ರೀತಿಯ ಲೋಲಾಕ್ಷಿ,

ಹೌದು, ಮೈಮೂನಮ್ಮನೇ. ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಬೆಡ್‌ಪ್ಯಾನ್ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕೂತಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಮಗಳೇ, ಬಾಯಾರಿದವನಿಗೆ ನೀರು ಕೊಟ್ಟದ್ದು. ಅದಕ್ಕೆ ಇಷ್ಟು ಗಲಾಟೆ ಎಂತಕ್ಕೆ? ಅಳಿಯ ಕೊಟ್ಟ ಅಂತ ಅವರು ಹೇಳಿದ್ರೆ ಹೂಂ ಅನ್ನು. ನಿನ್ನ ಗಂಡ ಅವನ ಹಿರಿಯರ ಹತ್ತಿರ ಹೋಗ್ಲಿ. ನನ್ನ ಹೆಸರು ಅಲ್ಲಿ ಹೇಳಿ ನಿನಗೆ ಸಿಗುದು ಪೆಟ್ಟು ಮಾತ್ರ."

ನನಗೂ ಹಾಗೆಯೇ ಅನಿಸುತ್ತದೆ. ನಿನ್ನ ಕೋಪ ನನಗೆ ಗೊತ್ತು. ಎರಡು ತಿಂಗಳು ನೋಡಿದ್ದೇನೆ, ಡಾಕ್ಟರರನ್ನೂ ನೀನು ಬಿಟ್ಟಿಲ್ಲ. ಆದರೆ ನಿನ್ನ ಗಂಡನಿಗೆ ಯಾವುದು ಮುಖ್ಯವಾಗಿತ್ತು ಎಂದು ಒಮ್ಮೆ ಯೋಚಿಸು. ನೀರು ಕೊಟ್ಟದ್ದು ಹೇಗೆಂದು ಮೈಮೂನಮ್ಮ ಒಂದು ದಿನ ನಿನಗೇ ಹೇಳಲಿ. ಅದು ನಾನು ಬರೆಯುವ ಮಾತಲ್ಲ.

ಚಮಚದ ವಿಷಯ ನಾನು ಓದಲಿಲ್ಲ. ಆ ಸಾಲಿನ ಮೇಲೆ ಚಹಾ ಬಿತ್ತು.

ನಿನಗಾಗಿ ಪ್ರಾರ್ಥಿಸುವ,
ಸ್ವರ್ಣಲತಾ


ನರಿಕೊಂಬು
6-11-1963

ಬಾಯಿ,

ನೀವು ಹೇಳಿದ ಹಾಗೆಯೇ ನಡೆಯಬೇಕು ಅಂತಲೇ ಬೊಜ್ಜಕ್ಕೆ ಹೋದದ್ದು. ದೇವರಾಣೆ. ಕುಲೆ, ಹಿರಿಯರು ಇದೆಲ್ಲ ನನಗೆ ನಂಬಿಕೆ ಉಂಟಾ ಅಂತ ಕೇಳಿದರೆ ಗೊತ್ತಿಲ್ಲ. ಇವರಿಗೆ ಇತ್ತು. ದೀಪಾವಳಿಗೆ ಬಸ್ಸಿಗೆ ರಜೆ ಹಾಕಿ, ಕೋಳಿ ಹಿಡಿದುಕೊಂಡು, ಹಿರಿಯರಿಗೆ ಬಡಿಸಲು ವಾಮದಪದವಿಗೆ ಓಡುತ್ತಿದ್ದರು. "ನಾನು ಸತ್ರೆ ನನಗೂ ಒಂದು ಎಲೆ ಉಂಟು ಅಲ್ಲಿ" ಅಂತ ಹೇಳುತ್ತಿದ್ದರು, ಸೀಟು ರಿಸರ್ವ್ ಮಾಡಿದವರ ಹಾಗೆ. ಅದಕ್ಕೇ ಬಾಯಿ ಮುಚ್ಚಿಕೊಂಡಿರುವ ಅಂತ ಹೋದೆ.

ಚಪ್ಪರದಲ್ಲಿ ಊರಿಗೆ ಊರೇ ಇತ್ತು. ಬದುಕಿರುವಾಗ ಒಬ್ಬನೂ ಮೂಡಬಿದ್ರೆಯ ಬಸ್ಸು ಹತ್ತಲಿಲ್ಲ, ಸತ್ತ ಮೇಲೆ ಊಟಕ್ಕೆ ಎಲ್ಲರಿಗೂ ಕಾಲು ಬಂತು. ಒಳಗೆ ಎಲೆ ಹಾಕಿದರು. ಮಾಯಿಲಪ್ಪ ಮಾವ ಹೊಸ ಶಲ್ಯ ಹೊದ್ದು ಬಾಗಿಲಲ್ಲಿ ನಿಂತು, "ನೀರು ಬಿಟ್ಟವರು ಬರ್ಬೇಕು" ಅಂದರು. ಡೊಂಬಯ್ಯ ಎದ್ದ. ನಾನು ನೆಲ ನೋಡುತ್ತಾ ಕೂತೆ.

ಅವನು ಸುಮ್ಮನೆ ಹೋಗಿ ಬಡಿಸಿದ್ದರೆ ಆಗುತ್ತಿತ್ತು. ಇಲ್ಲ, ಅವನಿಗೆ ಭಾಷಣ ಬೇಕಾಯಿತು. ಸೌಟು ಕೈಯಲ್ಲಿ ಹಿಡಿದು ಬಂದವರಿಗೆ ಹೇಳುತ್ತಾನೆ, "ನಾನು ಹೋಗುವಾಗ ಮಾವ ಒಂದು ಮೂಲೆಯಲ್ಲಿ ಬಿದ್ದಿದ್ರು. ಆಸ್ಪತ್ರೆಯವರು ತಿರುಗಿ ಸಹ ನೋಡ್ತಿರ್ಲಿಲ್ಲ. ಹತ್ತಿರ ಬರ್ಲಿಕ್ಕೇ ಹೇಸಿಗೆ ಅವ್ರಿಗೆ. ನಾನು ಹೋಗದಿದ್ರೆ ಒಂದು ತೊಟ್ಟು ನೀರಿಲ್ಲದೆ ಸಾಯ್ತಿದ್ರು." ಹೆಂಗಸರೆಲ್ಲ ಚ್ಚು ಚ್ಚು ಅಂದರು.

ಬಾಯಿ, ನನ್ನ ಬಗ್ಗೆ ಹೇಳಿದ್ದರೆ ನುಂಗುತ್ತಿದ್ದೆ. ಎದ್ದು ನಿಂತೆ.

"ಕೂತ್ಕೊ ಅಲ್ಲೇ," ಅಂದೆ. "ನೀನು ಬಿಟ್ಟದ್ದು ನೀರಲ್ಲ, ಗೋಳಿಬಜೆಯ ತೇಗು. ಹೋಟೆಲಿನಲ್ಲಿ ಕೂತವ ವಾರ್ಡಿನ ಸುದ್ದಿ ಹೇಳ್ತಾನೆ! ಇವರು ಯಾವ ಮಂಚದಲ್ಲಿ ಮಲಗಿದ್ದು ಹೇಳು ನೋಡುವ. ಬಾಗಿಲ ಹತ್ತಿರವಾ, ಕಿಟಕಿ ಹತ್ತಿರವಾ?"

ಅವನು ಮಾವನ ಮುಖ ನೋಡಿದ. ಮಾವ, "ಹೆಂಗಸರು ಮಾತಾಡುವ ಜಾಗ ಅಲ್ಲ ಇದು" ಅಂದರು.

"ಸರಿ, ಗಂಡಸರು ಹೇಳ್ಲಿ. ಬಾಗಿಲಾ, ಕಿಟಕಿಯಾ?"

ಹೇಳಲಿಕ್ಕೆ ಯಾರಿಗೆ ಗೊತ್ತು? ಆಗ ನಾನೇ ಹೇಳಿದೆ, ನೀರು ಕೊಟ್ಟದ್ದು ಮೈಮೂನಮ್ಮ ಅಂತ. ಆಸ್ಪತ್ರೆಯ ಆಯಾ ಅಂತ. ನೀವು ಮುಟ್ಟದ ಹುಣ್ಣನ್ನು ತೊಳೆದದ್ದು ಅವರು ಮತ್ತು ನರ್ಸ್ ಬಾಯಿ ಅಂತ. ಮೈಮೂನಮ್ಮನ ಹೆಸರು ಹೇಳಬಾರದಿತ್ತು, ಗೊತ್ತು. ಅವರಿಗೆ ಹೇಳಿ, ಕೋಪ ಮಾಡಬಾರದು.

ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಆಯಿತು. ಬ್ಯಾರ್ದಿಯ ಕೈನೀರಾ, ಹೋಯ್ತು, ಎಲ್ಲ ಹೋಯ್ತು! ಮಾವ ಒಳಗೆ ಹೋಗಿ ಹಾಕಿದ್ದ ಎಲೆಯನ್ನು ಮಡಚಿದರು. ಖಾಲಿ ಎಲೆ. "ಇನ್ನು ಸೇರಿಸ್ಲಿಕ್ಕೆ ಆಗುದಿಲ್ಲ. ಅವ ಹೊರಗೆಯೇ" ಅಂದರು.

ಮೂಲೆಯಲ್ಲಿದ್ದ ಸೇಸಮ್ಮತ್ತೆ ನನ್ನನ್ನು ಹತ್ತಿರ ಕರೆದು ಕೇಳಿದ್ದು ಒಂದೇ ಮಾತು. "ಆ ಹೆಂಗಸು ಮೂಗು ಮುಚ್ಚಿದ್ದಳಾ?"

"ಇಲ್ಲ ಅತ್ತೆ."

"ಒಂದು ದಿನ ಸಹ?"

"ಒಂದು ದಿನ ಸಹ ಇಲ್ಲ."

ಅತ್ತೆ ಸೆರಗು ಬಾಯಿಗೆ ತುರುಕಿಕೊಂಡರು. ಅವರ ಅಣ್ಣನ ಎದುರು ಅವರಿಗೆ ಬಾಯಿ ಇಲ್ಲ.

ಜನ ಊಟ ಬಿಟ್ಟು ಹೋದರು ಅಂತ ತಿಳಿಯಬೇಡಿ. ಎಲ್ಲ ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಯೇ ಹೋದರು. ಎಲೆ ಇಲ್ಲದೆ ಹೋದದ್ದು ಇವರೊಬ್ಬರಿಗೆ. ಬದುಕಿರುವಾಗ ಸೌದೆ ಕೊಟ್ಟಿಗೆ, ಸತ್ತ ಮೇಲೆ ಹೊರಗೆ. ಇದನ್ನು ಮಾಡಿದ್ದು ಮಾವನಾ, ಅಥವಾ ನನ್ನ ಬಾಯಿಯಾ ಅಂತ ನರಿಕೊಂಬಿನವರೆಗೆ ನಡೆಯುತ್ತಾ ಯೋಚಿಸಿದೆ.

ಲೋಲಾಕ್ಷಿ


ವಾಮದಪದವು
2-3-1964

ಲೋಲಾಕ್ಷಿಗೆ ಮಾಯಿಲಪ್ಪನ ಆಶೀರ್ವಾದ. ಅದಾಗಿ,

ಹಿಂದಿನದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು. ಮಕರ ತಿಂಗಳಲ್ಲಿ ಹಾಲು ಕೊಡುವ ದನ ಸತ್ತಿತು. ಡೊಂಬಯ್ಯನ ಮಗುವಿಗೆ ಜ್ವರ ಬಿಡುವುದಿಲ್ಲ. ರಾತ್ರಿ ಸೌದೆ ಕೊಟ್ಟಿಗೆಯ ಕಡೆಯಿಂದ ಬಡಿಯುವ ಸದ್ದು ಕೇಳುತ್ತದೆಂದು ಮನೆಯ ಹೆಂಗಸರು ಹೇಳುತ್ತಾರೆ. ನನಗೂ ಒಮ್ಮೆ ಕೇಳಿದೆ. ಬಲ್ಯಾಯರಲ್ಲಿ ಕೇಳಿಸಿದಾಗ ನಿನ್ನ ಗಂಡ ಶೇಷಪ್ಪನು ಹಸಿದು ಹೊರಗೆ ನಿಂತಿರುವುದಾಗಿ ಕಂಡುಬಂತು. ಕಟ್ಟು ತಪ್ಪಿಸಲಾಗದು, ನೀರು ಬಿಟ್ಟವರೇ ಬಡಿಸತಕ್ಕದ್ದು, ಜಾತಿಯ ಪ್ರಶ್ನೆ ಆಮೇಲಿನದ್ದು ಎಂದು ಬಲ್ಯಾಯರ ಅಭಿಪ್ರಾಯ.

ಆದ್ದರಿಂದ ನೀನು ಆ ಆಯಾ ಎಂಬ ಹೆಂಗಸನ್ನು ಹೇಗಾದರೂ ಒಪ್ಪಿಸಿ, ಮುಂದಿನ ಅಮಾವಾಸ್ಯೆಗೆ, ಊರವರಿಗೆ ತಿಳಿಯದಂತೆ, ತೋಟದ ಕಡೆಯ ಹಿಂಬಾಗಿಲಿನಿಂದ ಕರೆದುಕೊಂಡು ಬರತಕ್ಕದ್ದು. ಅವಳಿಗೆ ಒಂದು ಸೀರೆ ಕೊಡಲು ಸಿದ್ಧನಿದ್ದೇನೆ.

ಇಂತು,
ಮಾಯಿಲಪ್ಪ


ನರಿಕೊಂಬು
7-3-1964

ಮಾವನವರಿಗೆ,

ನಿಮ್ಮ ಕಾಗದ ಓದಿ ನಾನು ನಕ್ಕೆ. ಗಂಡ ಸತ್ತ ಮೇಲೆ ಮೊದಲ ಸಲ ನಕ್ಕದ್ದು, ಅದಕ್ಕೆ ಉಪಕಾರ.

ನಿಮ್ಮ ದನ ಯಾಕೆ ಸತ್ತಿತು ನನಗೆ ಗೊತ್ತಿಲ್ಲ. ದನದ ಡಾಕ್ಟ್ರು ಬೆಳ್ತಂಗಡಿಯಲ್ಲಿ ಇದ್ದಾರೆ. ಮಗುವನ್ನು ನಾಳೆಯೇ ಆಸ್ಪತ್ರೆಗೆ ತೋರಿಸಿ. ಮಗು ಎಂತ ಮಾಡಿದೆ ಪಾಪ. ಬಲ್ಯಾಯನನ್ನು ನಂಬಿ ಅದನ್ನೂ ಕೊಲ್ಲಬೇಡಿ.

ಇವರು ಬದುಕಿ ಹಸಿದು ಕೊಟ್ಟಿಗೆಯಲ್ಲಿ ಬಿದ್ದಿರುವಾಗ ನಿಮಗೆ ಕಿವಿ ಕೇಳಲಿಲ್ಲ. ಸತ್ತು ಬಡಿದರೆ ಕೇಳುತ್ತದೆ. ನಿಮಗೆ ಇವರ ಮೇಲೆ ಪ್ರೀತಿ ಇಲ್ಲ, ಹೆದರಿಕೆ. ಆಗಲಿ, ಹೆದರಿಕೆಯಾದರೂ ಇರಲಿ.

ಇವರಿಗೆ ಎಲೆ ಸಿಗಬೇಕು ಅಂತ ನನಗೂ ಉಂಟು. ನಿಮಗಿಂತ ಹೆಚ್ಚು ಉಂಟು. ಆದರೆ ನಾನು ಮೈಮೂನಮ್ಮನನ್ನು ಹಿಂಬಾಗಿಲಿನಿಂದ ತರುವುದಿಲ್ಲ. ಅವರು ಕದ್ದ ಕೋಳಿಯಲ್ಲ. ನೀವು ಬಸ್ಸು ಹತ್ತಿ ಮೂಡಬಿದ್ರೆಗೆ ಹೋಗಿ. ಡೊಂಬಯ್ಯನನ್ನಲ್ಲ, ನೀವೇ. ವಾರ್ಡಿನ ಒಳಗೆ ಹೋಗಿ, ಕಿಟಕಿಯ ಹತ್ತಿರದ ಮಂಚದ ಎದುರು ನಿಂತು (ಕಿಟಕಿ, ಡೊಂಬಯ್ಯನಿಗೆ ಹೇಳಿ) ಅವರನ್ನು ನೀವೇ ಕೇಳಿ. ಮುಖ ಒರೆಸುವ ಬೈರಾಸು ಹೆಗಲಲ್ಲಿರಲಿ, ಮೂಗಿಗೆ ಬರಬಾರದು. ಬಂದರೆ ನನಗೆ ಗೊತ್ತಾಗುತ್ತದೆ.

ಸೀರೆ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ.

ಲೋಲಾಕ್ಷಿ


ಮೂಡಬಿದ್ರೆ
20-3-1964

ಪ್ರೀತಿಯ ಲೋಲಾಕ್ಷಿ,

ನಿನ್ನೆ ನಿನ್ನ ಮಾವ ಬಂದಿದ್ದರು. ಕೊಡೆ, ಶಲ್ಯ, ದೊಡ್ಡ ಮೀಸೆ. ವಾರ್ಡಿನ ಬಾಗಿಲಲ್ಲೇ ಬೈರಾಸು ಮೂಗಿಗೆ ಹೋಯಿತು. ಈಗ ಕಿಟಕಿಯ ಮಂಚದಲ್ಲಿ ವೇಣೂರಿನ ಒಬ್ಬ ಅಜ್ಜ ಇದ್ದಾರೆ, ಗಂಟಲಿನದ್ದು, ನಿನ್ನ ಗಂಡನ ಹಾಗೆಯೇ. ಮೈಮೂನಮ್ಮ ಅವರಿಗೆ ಗಂಜಿಯ ತಿಳಿ ಕುಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಯಜಮಾನ್ರೇ, ಅದನ್ನು ಕೆಳಗೆ ಇಳಿಸಿ. ಅಜ್ಜನಿಗೆ ಕಣ್ಣು ಕಾಣ್ತದೆ."

ಅವರು ಇಳಿಸಿದರು, ಲೋಲಾಕ್ಷಿ. ಮುಖ ಕಿವುಚಿದರು, ಆದರೂ ನಿಂತರು. ಬಂದ ಕೆಲಸ ಹೇಳಿದರು. ಮೈಮೂನಮ್ಮ ಬಟ್ಟಲು ಕೆಳಗಿಟ್ಟಳು.

"ಸತ್ತವರಿಗೆ ಬಡಿಸುದು ನಮ್ಮಲ್ಲಿ ಆಗುದಿಲ್ಲ. ನನ್ನ ದೀನಿಗೆ, ಧರ್ಮಕ್ಕೆ ಆಗುದಿಲ್ಲ. ನಿಮಗೆ ನಿಮ್ಮ ಕಟ್ಟು ಇದ್ದ ಹಾಗೆ ನನಗೆ ನನ್ನದು ಉಂಟು."

ನಿನ್ನ ಮಾವ ಬೆವರಿದರು. "ಹಾಗಾದ್ರೆ ನಮ್ಮ ಹುಡುಗ ಹೊರಗೇ ಉಳಿಯುದಾ?" ಎಂದರು. 'ನಮ್ಮ ಹುಡುಗ' ಎಂದೇ ಅಂದರು. ನೀನು ಕೇಳಬೇಕಿತ್ತು ಅನಿಸಿತು.

ಮೈಮೂನಮ್ಮ ಅಜ್ಜನ ಬಾಯಿ ಒರೆಸಿದಳು. "ಲೋಟೆಯಲ್ಲಿ ಕೊಟ್ಟ ನೀರು ಅವನ ಕೆನ್ನೆಯಲ್ಲಿ ಹೊರಗೆ ಬರ್ತಿತ್ತು. ಅದಕ್ಕೆ ಚಮಚದಲ್ಲಿ ಕೊಟ್ಟದ್ದು. ನೀರು ಬಿಟ್ಟದ್ದು ನನ್ನ ಕೈಯಾದ್ರೆ ಆ ಚಮಚವೂ ಬಿಟ್ಟದ್ದೇ ಅಲ್ವಾ? ಅದು ಲೋಲಾಕ್ಷಿ ಹತ್ತಿರ ಉಂಟು. ಅವಳು ಅದನ್ನು ಹಿಡ್ಕೊಂಡು ಬಡಿಸ್ಲಿ. ಬೇರೆ ಯಾರೂ ಹಿಡಿಯುದು ಬೇಡ."

ನಿನ್ನ ಮಾವ ಮೀಸೆ ಸವರಿಕೊಂಡು, ಬಲ್ಯಾಯರಲ್ಲಿ ಕೇಳಬೇಕು ಎಂದರು. ಮೈಮೂನಮ್ಮ, "ಕೇಳಿ. ನಮ್ಮ ನೆರೆಮನೆಯ ಅಬೂಬಕ್ಕರ್ ದನ ಕೊಂಡುಕೊಳ್ಳುವಾಗ ಸಹ ಅವ್ರ ಹತ್ತಿರವೇ ಕೇಳುದು. ಯಾವಾಗ್ಲೂ ಗಿರಾಕಿಗೆ ಬೇಕಾದ್ದೇ ಹೇಳ್ತಾರೆ" ಎಂದಳು. ಅಜ್ಜ ನಕ್ಕು ಕೆಮ್ಮಿದರು.

ಹೊರಡುವಾಗ ನಿನ್ನ ಮಾವ ಕೇಳಿದರು, ಕಡೆಗೆ ಅವ ಏನಾದ್ರೂ ಹೇಳಿದನಾ ಎಂದು. ಆಗ ಅವಳು ಹೇಳಿದ್ದನ್ನು ಈಗ ನಿನಗೂ ಬರೆಯುತ್ತೇನೆ. ಅವಳೇ ಬರೆಯಲು ಹೇಳಿದ್ದಾಳೆ.

ಆ ಮಧ್ಯಾಹ್ನ ಅವಳಿಗೆ ಗೊತ್ತಾಯಿತಂತೆ, ಕಡೆಯ ಗಳಿಗೆ ಬಂತು ಎಂದು. ನಿನ್ನನ್ನು ಕೂಗಲು ಏಳಹೋದಳು. ಅವನು ಒಂದು ಬಡಿದ. ಅವಳು ನಿಂತಳು. ಎದುರಿನ ಹೋಟೆಲಿನಿಂದ ಅಳಿಯ ಡೊಂಬಯ್ಯನನ್ನು ಕರೀಲಾ ಎಂದು ಕೇಳಿದಳು. ಒಂದು ಬಡಿದ. "ನೀರು ಬೇಕಾ?" ಎರಡು. ನಿಮ್ಮವರ ಪದ್ಧತಿ ಅವಳಿಗೂ ಗೊತ್ತಿತ್ತು, ಇಷ್ಟು ವರ್ಷ ಇಲ್ಲಿ ಎಷ್ಟೋ ಜನರನ್ನು ಕಳಿಸಿಕೊಟ್ಟವಳು. ಅದಕ್ಕೇ ಮತ್ತೊಮ್ಮೆ ಕೇಳಿದಳು, "ನಾನು ಬ್ಯಾರ್ದಿ ಮಗನೇ. ನಾನು ಕೊಡ್ಲಾ?"

ಎರಡು. ಜೋರಾಗಿ, ಬಸ್ಸಿನ ಹಿಂದಿನಿಂದ ಡ್ರೈವರನಿಗೆ ಕೇಳಿಸುವ ಹಾಗೆ. ಆಮೇಲೆ ಚಮಚವನ್ನು ತಾನೇ ಅವಳ ಕೈಗೆ ಕೊಟ್ಟನಂತೆ.

ನಿನ್ನ ಮಾವ ಕೊಡೆಯನ್ನು ವಾರ್ಡಿನಲ್ಲೇ ಮರೆತು ಹೋದರು.

ಇನ್ನು ನನ್ನದೊಂದು ಕೋರಿಕೆ. ಕೆಲಸ ಮುಗಿದ ಮೇಲೆ ಚಮಚವನ್ನು ಹಿಂದೆ ಕೊಡುತ್ತೀಯಾ? ವೇಣೂರಿನ ಅಜ್ಜನಿಗೂ ನಾವು ಹೋಲ್ಡಾನ್, ರೈಟ್ ಹೇಳಿಕೊಟ್ಟಿದ್ದೇವೆ. ಈಗಿನ ಮರದ ಸೌಟಿನ ಸದ್ದು ಆ ಕಡೆ ಮೂಲೆಗೆ ಕೇಳುವುದಿಲ್ಲ.

ಸ್ವರ್ಣಲತಾ


ನರಿಕೊಂಬು
13-4-1964

ಬಾಯಿ,

ನಿನ್ನೆ ಅಮಾವಾಸ್ಯೆ. ಆಯಿತು.

ಮುಂದಿನ ಬಾಗಿಲಿನಿಂದ ಹೋದೆ. ಮಾವ ಅದೇ ಶಲ್ಯದಲ್ಲಿ ನಿಂತಿದ್ದರು, ಜನ ಈ ಸಲ ಕಡಿಮೆ. ಡೊಂಬಯ್ಯ ಮಗುವನ್ನು ಎತ್ತಿಕೊಂಡು ದೂರ ಕೂತಿದ್ದ. ಮಗುವನ್ನು ಬಂಟ್ವಾಳದ ಡಾಕ್ಟ್ರಿಗೆ ತೋರಿಸಿದ್ದಾರೆ, ಜ್ವರ ಇಳಿದಿದೆ. ಅದಕ್ಕೂ ಬಲ್ಯಾಯನಿಗೇ ಹೆಸರು. ಇರಲಿ. ನಾನು ಸೆರಗಿನ ಗಂಟಿನಿಂದ ಚಮಚ ತೆಗೆದೆ. ಡೊಂಬಯ್ಯ ಅದನ್ನೇ ನೋಡಿದ. ನಾನು ಅವನನ್ನು ನೋಡಲಿಲ್ಲ, ಅಷ್ಟು ಮರ್ಯಾದೆ ಅವನಿಗೆ ಯಾಕೆ?

ಅವರ ಮನೆಯ ಸೌಟಿನಲ್ಲಾದರೆ ಒಂದೇ ಸಲಕ್ಕೆ ಆಗುವ ಅನ್ನ. ನಾನು ಆ ಸಣ್ಣ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದೆ, ನೀವು ಗಂಜಿ ಕುಡಿಸುತ್ತಿದ್ದ ಹಾಗೆ, ಮೆಲ್ಲ. ಕೋಳಿ ಸಾರು, ಮೆಲ್ಲ. ಹೊರಗೆ ಊಟಕ್ಕೆ ಕಾಯುವವರು ಕೆಮ್ಮಿದರು. ಮಾವ "ಸಾಕಾಗ್ತದೆ ಲೋಲಾಕ್ಷಿ" ಅಂದರು. "ಹೋಲ್ಡಾನ್" ಅಂದೆ. ಸುಮ್ಮನಾದರು. ಆ ಮನೆಯಲ್ಲಿ ನನ್ನ ಮಾತಿಗೆ ಯಾರಾದರೂ ನಿಂತದ್ದು ಅದೇ ಮೊದಲು.

ಎಲೆ ತುಂಬಿದ ಮೇಲೆ ಕೋಣೆಯ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಕ್ರಮ. ಸತ್ತವರು ಉಂಡ ಮೇಲೆ ಬಾಗಿಲು ತಟ್ಟಿ ತೆರೆಯಬೇಕು. ಮಾವ ತಟ್ಟಲು ಕೈ ಎತ್ತಿದರು, ಮತ್ತೆ ಏನನ್ನಿಸಿತೋ, ಹಿಂದೆ ಸರಿದು ನನಗೆ ದಾರಿ ಬಿಟ್ಟರು. ನಾನು ಚಮಚದಲ್ಲಿ ಬಾಗಿಲ ಚಿಲಕಕ್ಕೆ ಎರಡು ಬಡಿದೆ.

ಹಿಂದಿನಿಂದ ಸೇಸಮ್ಮತ್ತೆ "ರೈಟ್" ಅಂದರು. ಮಗನ ಬಸ್ಸಿನಲ್ಲಿ ಎಷ್ಟು ಸಲ ಕೇಳಿದ್ದರೋ. ಆಮೇಲೆ ಅವರು ಅತ್ತರು, ಸೆರಗು ಬಾಯಿಗೆ ತುರುಕಿಕೊಳ್ಳದೆ, ಅಣ್ಣನ ಎದುರೇ. ಮಾವ ಮುಖ ಆ ಕಡೆ ಮಾಡಿ ನಿಂತರು. ಆ ಮನುಷ್ಯನ ಬಗ್ಗೆ ನನಗೆ ಕನಿಕರ ಬಂತು ಅಂತ ತಿಳಿಯಬೇಡಿ. ಬರಲಿಲ್ಲ.

ಚಮಚ ಪೋಸ್ಟಿನಲ್ಲಿ ಕಳಿಸುವುದಿಲ್ಲ. ಗುರುವಾರ ಮೊದಲ ಬಸ್ಸಿನಲ್ಲಿ ನಾನೇ ತರುತ್ತೇನೆ. ಅತ್ತೆಯೂ ಬರುತ್ತಾರಂತೆ. ಮಗ ಇರುವಾಗ ಕಳಿಸಲಿಲ್ಲ, ಈಗ ಆ ಮಂಚ ನೋಡಬೇಕಂತೆ, ಆ ಹೆಂಗಸಿನ ಮುಖ ನೋಡಬೇಕಂತೆ. ಬಸ್ಸಿನವರಿಗೆ ಮುಂದಿನ ಸೀಟು ಹೇಳಿದ್ದೇನೆ. ಮಾವನ ಕೊಡೆ ಅಲ್ಲೇ ಇರಲಿ, ಬೇಕಾದರೆ ಬಂದು ತೆಗೆದುಕೊಳ್ಳಲಿ.

ಮೈಮೂನಮ್ಮನಿಗೆ ನೀರುದೋಸೆ ತರುತ್ತೇನೆ. ಬಡಿಸಿದ್ದರಲ್ಲಿ ಮಿಕ್ಕಿದ್ದಲ್ಲ. ಅತ್ತೆ ಬುಧವಾರ ಇಲ್ಲಿಗೇ ಬಂದು, ಬೇರೆಯೇ ಅಕ್ಕಿ ನೆನೆಹಾಕಿ ನಮ್ಮ ಮನೆಯ ಒಲೆಯಲ್ಲಿ ಎರೆಯುತ್ತಾರೆ. ಉಪಕಾರ ಅಂತ ನಾನು ಹೇಳುವುದಿಲ್ಲ, ಅವರು ಕಾಯಬಾರದು. ನನ್ನನ್ನು ಜನರ ಎದುರು ಅಳಿಸಲೂ ಬಾರದು. ಅಳಿಸಿದರೆ ಅಲ್ಲೇ ಬೈಯುತ್ತೇನೆ.

ವೇಣೂರಿನ ಅಜ್ಜನಿಗೆ ಹೇಳಿ, ಗುರುವಾರದವರೆಗೆ ಮರದ ಸೌಟಿನಲ್ಲೇ ಬಡಿಯಲಿ. ಒಂದು ಬಡಿತಕ್ಕೆ ಯಾರಾದರೂ ನಿಲ್ಲದಿದ್ದರೆ ಹೆಸರು ನೆನಪಿಟ್ಟುಕೊಳ್ಳಲಿ, ನಾನು ಬಂದು ಕೇಳುತ್ತೇನೆ.

ಲೋಲಾಕ್ಷಿ